ಪ್ರಶಸ್ತಿ ಒಂದು ಪುಸ್ತಕಕ್ಕೋ, ಇಡೀ ಬದುಕಿಗೋ?

ಸಾಧನಕೇರಿ ಸಂಜೆ: ನಿನ್ನೆ ಮಗಳ ಸಾಲೆಯಲ್ಲಿ ರಸಪ್ರಶ್ನೆ ಇತ್ತು. ಬೇಂದ್ರೆಯವರಿಗೆ ಜ್ಞಾನಪೀಠ ಯಾವ ಕೃತಿಗೆ ಬಂತು? ಎಲ್ಲ ಮಕ್ಕಳೂ ‘ನಾಕುತಂತಿ’ ಅಂದರು. ಅದರ ಒಂದು ಸಾಲು ಹೇಳಿ ಅಂದರೆ ಎಲ್ಲರೂ ಗಪ್‌ಚುಪ್. ‘ಕುರುಡು ಕಾಂಚಾಣ’ ಅಂದ ಕೂಡಲೇ ಬೆಂಚು ಬಡಿದು ಹಾಡಿದರು. ಅದು ಆ ಪುಸ್ತಕದಲ್ಲೇ ಇಲ್ಲ! 1964ರ ಒಂದು ಸಂಕಲನಕ್ಕೆ 1973ರ ಪ್ರಶಸ್ತಿ. ಉಳಿದದ್ದೆಲ್ಲ ಲೆಕ್ಕಕ್ಕಿಲ್ವಾ?

ಗದಗಿನ ಮಾಸ್ತರ: ಆಗಿನ ನಿಯಮವೇ ಹಾಗಿತ್ತು ರೀ. 1982ರಿಂದ ಲೇಖಕರ ಒಟ್ಟು ಬರವಣಿಗೆ ನೋಡಿ ಕೊಡುತ್ತಾರೆ. ಅದೇ ಸರಿ. ಒಂದು ಸುಗ್ಗಿ ನೋಡಿ ಹೊಲದ ಬೆಲೆ ಕಟ್ಟಬಾರದು.

ಹುಬ್ಬಳ್ಳಿ ಮಿರ್ಚಿ: ಒಟ್ಟು ಸಾಧನೆ ಅಂದರೆ ಮುಪ್ಪಾಗುವವರೆಗೂ ಕಾಯಿಸೋದು ಅಂತ ಅರ್ಥ ಸರ. ಬೇಂದ್ರೆ ಹುಟ್ಟಿದ್ದು 1896. ಪ್ರಶಸ್ತಿ ಬಂದಾಗ 77 ದಾಟಿತ್ತು. ಅದೂ ಒಡಿಯಾದ ಗೋಪಿನಾಥ ಮೊಹಾಂತಿಯವರ ಜೊತೆ ಹಂಚಿಕೊಂಡಿದ್ದು. ‘ನರಬಲಿ’ ಕವಿತೆಗೆ ಜೈಲು, ಆಮೇಲೆ ಮುಗದ ಹಳ್ಳಿಯಲ್ಲಿ ನಜರಬಂದಿ, ಎಷ್ಟೋ ವರ್ಷ ಕಾಯಂ ನೌಕರಿ ಇಲ್ಲ. ದುಡ್ಡು ಬೇಕಿದ್ದದ್ದು ಆಗ.

ಗದಗಿನ ಮಾಸ್ತರ: ಜೈಲಿಗೆ ಹಾಕಿದವರು ಬ್ರಿಟಿಷರು. ಅವರೇ ಶಾಲು ಹೊದಿಸಬೇಕಿತ್ತಾ? ಮೊದಲ ಜ್ಞಾನಪೀಠವೇ 1965ರದ್ದು. ಅಷ್ಟರಲ್ಲಿ ಅಜ್ಜನಿಗೆ 69.

ಏಲಕ್ಕಿ ಹಾರ: ಹೊಸ ನಿಯಮದಲ್ಲೂ ಅದೇ ಕಥೆ ಅಲ್ವಾ? ನಮ್ಮ ಸವಣೂರಿನ ಗೋಕಾಕರಿಗೆ 1990ರ ಪ್ರಶಸ್ತಿ. 80 ದಾಟಿತ್ತು. 1992ರಲ್ಲಿ ಹೋಗೇಬಿಟ್ಟರು.

ಹೊಂಬಳದ ಸೊಸಿ: ಬಂದವರ ಮಾತೇ ಆಯಿತು. ನಮ್ಮೂರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು? ‘ಜೀವಧ್ವನಿ’ಗೆ ಸಾಹಿತ್ಯ ಅಕಾಡೆಮಿ ಬಂತು. ಜ್ಞಾನಪೀಠ ಬರಲೇ ಇಲ್ಲ. 2022ರಲ್ಲಿ ತೀರಿಕೊಂಡಾಗ 93 ವರ್ಷ. ಇನ್ನೆಷ್ಟು ಕಾಯಬೇಕಿತ್ತು?

ಹುಬ್ಬಳ್ಳಿ ಮಿರ್ಚಿ: ಇದಕ್ಕೆ ಮಾಸ್ತರು ಉತ್ತರ ಕೊಡಲಿ.

ಗದಗಿನ ಮಾಸ್ತರ: ಉತ್ತರ ಇಲ್ಲ. ಆದರೂ 40ಕ್ಕೇ ಕೊಡಿ ಅಂತ ನಾನು ಹೇಳಲ್ಲ. ಬರೆಯೋದು ಬಿಟ್ಟು ಸನ್ಮಾನಕ್ಕೆ ಊರೂರು ತಿರುಗಿದವರನ್ನು ನೋಡಿದ್ದೇನೆ.

ಹೊಂಬಳದ ಸೊಸಿ: ಪ್ರಶಸ್ತಿ ಮಾತು ಸಾಯಲಿ ಬಿಡಿ. ನಮ್ಮ ಮಾವ ಕಣವಿಯವರ ಒಂದು ಸುನೀತದ (ಹದಿನಾಲ್ಕು ಸಾಲಿನ ಕವಿತೆ) ಪುಟಕ್ಕೆ ಬಸ್ ಟಿಕೆಟ್ ಇಟ್ಟಿದ್ದಾರೆ. ಟಿಕೆಟ್ ಮೇಲಿನ ಅಕ್ಷರ ಎಲ್ಲ ಅಳಿಸಿದೆ. ಪುಟ ಮಾತ್ರ ಅವರಿಗೆ ಬಾಯಿಪಾಠ.

ಸಾಧನಕೇರಿ ಸಂಜೆ: ಅಕ್ಕಾರ, ಯಾವ ಕವಿತೆ? ಫೋಟೊ ಹಾಕಿ.

ಹೊಂಬಳದ ಸೊಸಿ: ಪುಸ್ತಕ ಅವರ ತಲೆದಿಂಬಿನ ಕೆಳಗಿದೆ, ಈಗಷ್ಟೇ ಮಲಗಿದರು. ಬೆಳಿಗ್ಗೆ ಹಾಕುತ್ತೇನೆ.