ಬೇಡಿದ್ದು ದೊರೆಯದೆ ಹೋದ ಮೇಲೂ ಪ್ರಾರ್ಥನೆಯಲ್ಲಿ ನೆಲೆಗೊಳ್ಳುವುದು ಹೇಗೆ?

ಪ್ರಶ್ನೆ: ಗದಗ ಜಿಲ್ಲೆಯ ಸಹೋದರಿ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ನನ್ನ ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದರು. ಮೂತ್ರಪಿಂಡದ ಕಾಯಿಲೆಯಿಂದ ಅವರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಅಷ್ಟೂ ಕಾಲ ನಮ್ಮ ಸಭೆಯವರು ಉಪವಾಸ ಪ್ರಾರ್ಥನೆ ಮಾಡಿದರು, ಮನೆಕೂಟ ನಡೆಸಿದರು, ವಾಗ್ದಾನದ ವಚನಗಳನ್ನು ಚೀಟಿಗಳಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದರು. ಕಳೆದ ವರ್ಷ ಅವರು ಕರ್ತನಲ್ಲಿ ನಿದ್ರೆಹೋದರು. ಚೀಟಿಗಳು ಇನ್ನೂ ಹಾಗೆಯೇ ಇವೆ. ಕಿತ್ತುಹಾಕಲು ಮನಸ್ಸು ಬಾರದು, ಓದಲು ಧೈರ್ಯ ಸಾಲದು.

ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಾಕಿದ್ದೇನೆ. ವಿಚಾರಿಸಲು ಹೋದಾಗಲೆಲ್ಲ ಕಡತ ಮೇಲಿನ ಕಚೇರಿಯಲ್ಲಿದೆ ಎಂಬ ಮಾತನ್ನೇ ಕೇಳಿ ಹಿಂದಿರುಗುತ್ತೇನೆ. ಅದಕ್ಕಾಗಿ ಮಾಡುತ್ತಿರುವ ಪ್ರಾರ್ಥನೆಗೂ ಯಾವ ಉತ್ತರವೂ ಕಾಣುತ್ತಿಲ್ಲ. ಈ ನಡುವೆ ಸಭೆಯ ಹಿರಿಯರೊಬ್ಬರು, ಮನೆಯಲ್ಲಿ ಎಲ್ಲೋ ವಿಶ್ವಾಸ ಕಡಿಮೆಯಾಗಿರಬೇಕು ಎಂದದ್ದು ಎದೆಗೆ ನಾಟಿದೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳೊಂದಿಗೆ ಕರ್ತನ ಪ್ರಾರ್ಥನೆಯನ್ನು ಹೇಳುವಾಗ, ದೇವರ ಚಿತ್ತ ನೆರವೇರಲಿ ಎಂಬಲ್ಲಿಗೆ ಬಂದೊಡನೆ ನನ್ನ ದನಿ ನಿಂತುಹೋಗುತ್ತದೆ. ಉಳಿದದ್ದನ್ನು ಮಕ್ಕಳೇ ಮುಗಿಸುತ್ತಾರೆ. ಇದು ಅವಿಶ್ವಾಸವೇ? ಇಂಥ ಸ್ಥಿತಿಯಲ್ಲಿ ಪ್ರಾರ್ಥಿಸುತ್ತಲೇ ಇರುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ: ನಿವೃತ್ತ ಸಭಾಪಾಲಕ, ಧಾರವಾಡ

ಸಹೋದರಿ, ಮೊದಲು ಆ ಹಿರಿಯರ ಮಾತನ್ನು ಮನಸ್ಸಿನಿಂದ ತೆಗೆದುಹಾಕಿರಿ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಬೇಕೆಂದು ಮೂರು ಸಾರಿ ಬೇಡಿಕೊಂಡನು, ಅದು ತೊಲಗಲಿಲ್ಲ. ಯೇಸುಸ್ವಾಮಿಯೇ ಗೆತ್ಸೆಮನೆಯಲ್ಲಿ ಸಂಕಟದ ಆ ಪಾತ್ರೆ ತನ್ನನ್ನು ಬಿಟ್ಟುಹೋಗಲೆಂದು ಬೇಡಿದರು, ಹೋಗಲಿಲ್ಲ. ಇವರಿಬ್ಬರಲ್ಲಿ ವಿಶ್ವಾಸ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮಾರ್ಥಳನ್ನೂ ಆಕೆಯ ತಂಗಿಯನ್ನೂ ಲಾಜರನನ್ನೂ ಯೇಸು ಪ್ರೀತಿಸುತ್ತಿದ್ದರೆಂದು ಒಂದು ವಚನ ಹೇಳುತ್ತದೆ. ಲಾಜರನು ಅಸ್ವಸ್ಥನಾಗಿದ್ದಾನೆಂದು ಕೇಳಿಯೂ ಅವರು ಇದ್ದ ಸ್ಥಳದಲ್ಲಿಯೇ ಎರಡು ದಿನ ಉಳಿದರೆಂದು ಅದರ ಮುಂದಿನ ವಚನವೇ ಹೇಳುತ್ತದೆ. ಪ್ರೀತಿ ಮತ್ತು ತಡ, ಎರಡನ್ನೂ ಸುವಾರ್ತಿಕನು ಯಾವ ಸಮರ್ಥನೆಯೂ ಇಲ್ಲದೆ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿದ್ದಾನೆ. ಆಮೇಲೆ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು, ನೀನು ಇಲ್ಲಿದ್ದಿದ್ದರೆ ನಮ್ಮ ಸಹೋದರನು ಸಾಯುತ್ತಿರಲಿಲ್ಲ ಎಂಬ ಒಂದೇ ದೂರನ್ನು ಅವರ ಮುಂದಿಡುತ್ತಾರೆ. ಅವರು ಇಬ್ಬರನ್ನೂ ಗದರಿಸುವುದಿಲ್ಲ. ಸಮಾಧಿಗೆ ಹೋಗುವ ದಾರಿಯಲ್ಲಿ ಅಳುತ್ತಾರೆ.

ಲಾಜರನು ಎದ್ದುಬಂದನು, ನನ್ನ ಯಜಮಾನರು ಬರಲಿಲ್ಲವಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಅದನ್ನು ಮುಚ್ಚಿಡಲಾರೆ. ಆದ್ದರಿಂದಲೇ 88ನೆಯ ಕೀರ್ತನೆಯನ್ನೂ ಓದಿರಿ. ಬೇರೆ ಪ್ರಲಾಪದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಹಾಡಿದವನು ಹಗಲಿರುಳು ಕೂಗಿದ್ದು ದೇವರಿಗೇ, ದೇವಜನರು ಅದನ್ನು ಉಳಿಸಿಕೊಂಡದ್ದು ಆರಾಧನೆಯ ಪುಸ್ತಕದಲ್ಲಿಯೇ. ನಿಮ್ಮ ದನಿ ನಿಂತುಹೋಗುವುದು ಅವಿಶ್ವಾಸವಲ್ಲ. ಅರ್ಥವನ್ನು ಮನಸ್ಸಿಗೆ ತಂದುಕೊಳ್ಳದೆ ಆ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸುವ ನಮ್ಮಲ್ಲಿ ಅನೇಕರಿಗಿಂತ ನೀವು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದೀರಿ.

ಉತ್ತರ: ಬಳ್ಳಾರಿಯ ಓದುಗ

ಅಯ್ಯನವರ ಮಾತಿಗೆ ಸಭೆಯ ಚರಿತ್ರೆಯಿಂದ ಒಂದನ್ನು ಸೇರಿಸುತ್ತೇನೆ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷ ಅವರ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡನು. ಪತ್ನಿ ಡೊರೊಥಿಯವರ ಮನಸ್ಸು ಅಸ್ವಸ್ಥವಾಯಿತು. ಏಳು ವರ್ಷಗಳ ಸೇವೆಯ ನಂತರ, 1800ರ ಡಿಸೆಂಬರಿನಲ್ಲಿ, ಅವರ ಸೇವೆಯ ಮೊದಲ ಫಲವಾದ ಕೃಷ್ಣ ಪಾಲ್ ಎಂಬ ಬಡಗಿಗೆ ಶ್ರೀರಾಂಪುರದ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಡುವ ದಿನ ಬಂತು. ಅಷ್ಟು ಕಾಲ ಕಾದ ಉತ್ತರವದು. ಆದರೆ ಡೊರೊಥಿಯವರು 1807ರಲ್ಲಿ ಸಾಯುವವರೆಗೂ ಗುಣವಾಗಲಿಲ್ಲ. ಒಂದು ಪ್ರಾರ್ಥನೆಗೆ ಉತ್ತರ ಬಂದಾಗಲೂ ಇನ್ನೊಂದು ಹಾಗೆಯೇ ಉಳಿದಿತ್ತು.

1812ರ ಮಾರ್ಚಿನಲ್ಲಿ ಶ್ರೀರಾಂಪುರದ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಲವು ಭಾಷೆಗಳ ಹಸ್ತಪ್ರತಿಗಳು ಸುಟ್ಟುಹೋದವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅವುಗಳಲ್ಲಿತ್ತು. ಕೇರಿಯವರು ಅನಂತರ 46ನೆಯ ಕೀರ್ತನೆಯ ಮೇಲೆ ಪ್ರಸಂಗ ಮಾಡಿ, ಸುಟ್ಟದ್ದನ್ನು ಮತ್ತೆ ಬರೆಯಲು ಕುಳಿತರು.

ಉತ್ತರ: ಬೆಂಗಳೂರಿನ ಸಹೋದರಿ

ಮೇಲಿನ ಚರಿತ್ರೆ ದೊಡ್ಡದು, ನಿಜ. ಆದರೆ ನಾನೂ ವಿಧವೆ. ಮೊದಲ ವರ್ಷದಲ್ಲಿ ಅಂಥ ದೈವಭಕ್ತರ ಕಥೆಗಳು ನನ್ನನ್ನು ಇನ್ನಷ್ಟು ಕುಗ್ಗಿಸುತ್ತಿದ್ದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಕನ 18ನೆಯ ಅಧ್ಯಾಯದ ಹೆಸರಿಲ್ಲದ ವಿಧವೆ. ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂದು ಕಲಿಸಲು ಯೇಸುಸ್ವಾಮಿ ಆರಿಸಿಕೊಂಡದ್ದು ದೇವಾಲಯದಲ್ಲಿ ಮೊಣಕಾಲೂರಿದ ಹೆಂಗಸನ್ನಲ್ಲ. ಯಾರನ್ನೂ ಲಕ್ಷ್ಯಮಾಡದ ಅಧಿಕಾರಿಯ ಬಳಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದವಳನ್ನು. ದೇವರು ಆ ನ್ಯಾಯಾಧಿಪತಿಯಂಥವರಲ್ಲ ಎಂಬುದೇ ಆ ಸಾಮ್ಯದ ತಿರುಳು. ಆದ್ದರಿಂದ ನೀವು ಕಚೇರಿಗೆ ಅಲೆಯುವುದನ್ನು ಪ್ರಾರ್ಥನೆಯಿಂದ ಬೇರೆಯೆಂದು ಎಣಿಸಬೇಡಿರಿ.

ಜೊತೆಗೆ ಒಂದು ವ್ಯವಹಾರದ ಮಾತು: ಅನುಕಂಪದ ಆಧಾರದ ನೇಮಕಾತಿಗೆ ಕರ್ನಾಟಕದಲ್ಲಿರುವ 1996ರ ನಿಯಮಗಳ ಪ್ರಕಾರ, ನೌಕರರು ತೀರಿಕೊಂಡ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿರಬೇಕು. ಹಾಗೆ ಸಲ್ಲಿಸಿದ್ದಕ್ಕೆ ದಿನಾಂಕವಿರುವ ಸ್ವೀಕೃತಿ ನಿಮ್ಮ ಕೈಯಲ್ಲಿದೆಯೇ ನೋಡಿಕೊಳ್ಳಿರಿ; ಮುಂದೆ ಯಾರಾದರೂ ಅವಧಿ ಮೀರಿದೆ ಎಂದರೆ ಅದೊಂದೇ ಆಧಾರ.

ಮಕ್ಕಳು ಪ್ರಾರ್ಥನೆಯನ್ನು ಮುಗಿಸುತ್ತಾರೆ ಎಂದಿರಿ. ಮುಗಿಸಲಿ. ನನ್ನ ಬಾಯಿಂದ ಹಾಡು ಹೊರಡದ ಭಾನುವಾರಗಳಲ್ಲಿ ಪಕ್ಕದ ಸಾಲಿನ ಅಜ್ಜಿಯರು ಹಾಡಿದ್ದನ್ನೇ ನಾನು ನನ್ನ ಪ್ರಾರ್ಥನೆಯಾಗಿ ಒಪ್ಪಿಸಿದ್ದೇನೆ. ದೇಹದ ಒಂದು ಅಂಗ ನೊಂದಾಗ ಉಳಿದ ಅಂಗಗಳೂ ನೋಯುತ್ತವೆಂದು ಕೊರಿಂಥದವರಿಗೆ ಬರೆದ ಮಾತು ಸಭೆಯಲ್ಲಿ ನಡೆಯಬೇಕಾದದ್ದು ಹೀಗೆಯೇ.

ಪ್ರಶ್ನೆ ಕೇಳಿದ ಸಹೋದರಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಸ್ವೀಕೃತಿ ಇದೆ, ಮೊಹರೂ ದಿನಾಂಕವೂ ಸ್ಪಷ್ಟವಾಗಿವೆ. ಅಯ್ಯನವರೇ, ಬರುವ ತಿಂಗಳು ಮನೆಯಲ್ಲಿ ವರ್ಷದ ಸ್ಮರಣೆಯ ಕೂಟವಿದೆ. ಸಾಮಾನ್ಯವಾಗಿ 23ನೆಯ ಕೀರ್ತನೆಯನ್ನು ಓದಿಸುತ್ತಾರೆ. ಅದಕ್ಕೆ ಮೊದಲು 88ನ್ನು ಓದಿಸಬಹುದೇ, ಅಥವಾ ಬಂದವರು ತಪ್ಪು ತಿಳಿಯುವರೇ?

ನಿವೃತ್ತ ಸಭಾಪಾಲಕ, ಧಾರವಾಡ

ಅವಶ್ಯವಾಗಿ ಓದಿಸಿರಿ. ನಿಮ್ಮ ಸಭಾಪಾಲಕರಿಗೆ ಮುಂಚಿತವಾಗಿ ತಿಳಿಸಿ, ಒಂದು ವಚನವನ್ನೂ ಬಿಡದೆ ಪೂರ್ತಿಯಾಗಿ ಓದಲು ಕೇಳಿಕೊಳ್ಳಿರಿ. ಗೋಡೆಯ ಚೀಟಿಗಳನ್ನು ತೆಗೆಯಲು ಅವಸರಪಡಬೇಡಿರಿ. ಅದಕ್ಕೆ ಯಾರೂ ಗಡುವು ಹಾಕಿಲ್ಲ.