ಲೆನ್ಸೇ ಇಲ್ಲವೆಂದ ಕ್ಯಾಮೆರಾ

ಮೈಸೂರಿನ ರಾಯರ ಮನೆಯ ಜಗಲಿಯಲ್ಲಿ ನಾವು ಮೂವರು ಕಾಫಿಗೆ ಕುಳಿತಿದ್ದಾಗ, ಅವರು ತಮ್ಮ ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಸೋವಿಯತ್ ಕಾಲದ ಹೀಲಿಯೋಸ್ 44-2 ಲೆನ್ಸನ್ನು ಕೂರಿಸಿ, ಹೊಸ ಅಳಿಯನನ್ನು ಪರಿಚಯಿಸುವ ಮಾವನ ಗತ್ತಿನಲ್ಲಿ ಎತ್ತಿ ಹಿಡಿದರು. ಗುಂಡಿ ಒತ್ತಿದರೆ, ಲೆನ್ಸನ್ನೇ ಜೋಡಿಸಿಲ್ಲವೆಂದು ಪರದೆಯ ಮೇಲೆ ಬರೆದು ಕ್ಯಾಮೆರಾ ಸುಮ್ಮನಾಯಿತು.

“ಎದುರಿಗೆ ಕುಳಿತ ಅಳಿಯನನ್ನೇ ಇಲ್ಲವೆನ್ನುತ್ತಿದೆಯಲ್ಲ!” ಎಂದರು ಮೇಷ್ಟ್ರು.

ವಿದ್ಯುತ್ ಸಂಪರ್ಕವೇ ಇಲ್ಲದ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲವೆಂದೂ, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆಯಲು ಮೆನುವಿನಲ್ಲಿ ಅನುಮತಿ ಕೊಡಬೇಕೆಂದೂ ರಾಯರು ವಿವರಿಸಿದರು. ಆ ಮೆನುವನ್ನು ಹುಡುಕುವಷ್ಟರಲ್ಲಿ ಮೊದಲ ಲೋಟ ಖಾಲಿಯಾಯಿತು.

ಮೇಷ್ಟ್ರ ಕಣ್ಣು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತಿದ್ದ ಅಡಾಪ್ಟರಿನ ಮೇಲೆ ಬಿತ್ತು. ಈ ಲೆನ್ಸು ಫಿಲ್ಮಿನಿಂದ 45.46 ಮಿ.ಮೀ. ದೂರದಲ್ಲಿರಬೇಕು, ರಾಯರ ಸೋನಿಯಲ್ಲಿ ಆ ದೂರ ಬರೀ 18 ಮಿ.ಮೀ.; ಉಳಿದ ಅಂತರವನ್ನು ತುಂಬುವುದಕ್ಕೇ ಈ ಕೊಳವೆ.

“ಒಳಗೆ ಗಾಜೇ ಇಲ್ಲ. ಗಾಳಿಗೆ ದುಡ್ಡು ಕೊಟ್ಟಿರಾ?”

“ಗಾಳಿಗಲ್ಲ ಮೇಷ್ಟ್ರೇ, ಗಾಳಿಯ ಅಳತೆಗೆ.”

ಮೇಷ್ಟ್ರ ಹಳೆಯ ನಿಕಾನ್ ಡಿ.ಎಸ್.ಎಲ್.ಆರ್.ನಲ್ಲಿ ಆ ದೂರ 46.5 ಮಿ.ಮೀ. ಇರುವುದರಿಂದ, ಗಾಜಿಲ್ಲದ ಅಡಾಪ್ಟರಿನಲ್ಲಿ ಇದೇ ಲೆನ್ಸನ್ನು ಹಾಕಿದರೆ ಸುಮಾರು 3 ಮೀಟರಿನಾಚೆಗೆ ಎಲ್ಲವೂ ಮಂಜಾಗುತ್ತದೆ. ಚಾಮುಂಡಿ ಬೆಟ್ಟವಂತೂ ದೂರದ ಮಾತು. “ಕನ್ನಡಕ ತೆಗೆದರೆ ನನಗೆ ಪುಕ್ಕಟೆಯಾಗಿಯೇ ಹಾಗೆ ಕಾಣುತ್ತದೆ” ಎಂದು ಮೇಷ್ಟ್ರು ಸಮಾಧಾನಪಟ್ಟುಕೊಂಡರು.

ಅಪರ್ಚರಿಗೆ, ಅಂದರೆ ಬೆಳಕು ಒಳಬರುವ ಕಿಂಡಿಗೆ, ಎರಡು ಉಂಗುರಗಳಿರುವುದು ಈ ಲೆನ್ಸಿನ ವೈಭವ: ಒಂದು ಮಿತಿಯನ್ನು ಗೊತ್ತುಮಾಡುತ್ತದೆ, ಇನ್ನೊಂದು ಆ ಮಿತಿಯೊಳಗೆ ತೆರೆದು ಮುಚ್ಚುತ್ತದೆ. ಮನೆಯಲ್ಲಿ ಯಜಮಾನರೂ ಯಜಮಾನಿಯೂ ಇದ್ದಂತೆ ಎಂದು ನಾನೆಂದೆ. ಯಾರು ಯಾವ ಉಂಗುರ ಎಂಬುದನ್ನು ಒಳಗಿನಿಂದ ಕೇಳಿಸಿಕೊಂಡವರು ಇತ್ಯರ್ಥ ಮಾಡಿದರು.

ಕೊನೆಗೆ ಮೇಷ್ಟ್ರನ್ನು ಅಂಗಳದ ಮಾವಿನ ಮರದ ಮುಂದೆ ಕೂರಿಸಿ, ರಾಯರು ಅಪರ್ಚರನ್ನು 2ಕ್ಕೆ, ಅಂದರೆ ಪೂರ್ತಿಯಾಗಿ, ತೆರೆದು ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸತೊಡಗಿದರು. ಸ್ಪಷ್ಟವಾದ ಅಂಚುಗಳಿಗೆ ಕ್ಯಾಮೆರಾ ಕೆಂಪು ಬಣ್ಣ ಬಳಿದು ತೋರಿಸುತ್ತದೆ. ಆ ಕೆಂಪು ಮೇಷ್ಟ್ರ ಮೀಸೆಯನ್ನು ಬಿಟ್ಟು ಕದಲಲೊಲ್ಲದು. “ಉಸಿರಾಡಬೇಡಿ!” ಎಂದು ರಾಯರು ಗದರಿ ಒತ್ತಿಯೇಬಿಟ್ಟರು.

ಚಿತ್ರ ಅದ್ಭುತವಾಗಿತ್ತು, ಸುಳ್ಳೇಕೆ ಹೇಳಲಿ! ಎಲೆಗಳ ಸಂದಿಯ ಬೆಳಕೆಲ್ಲ ಮೇಷ್ಟ್ರ ತಲೆಯ ಸುತ್ತ ಸುಳಿಸುಳಿಯಾಗಿ ತಿರುಗಿ, ಕ್ಯಾಲೆಂಡರಿನ ದೇವರ ಪ್ರಭಾವಳಿಯಂತೆ ಕಾಣುತ್ತಿತ್ತು. ಕಣ್ಣುಗಳು ಮಾತ್ರ ಮಸುಕು. ಮೀಸೆಯಲ್ಲಿನ ಬಿಳಿಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು.

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿದರು. “ಮೀಸೆಗೆ ಬಣ್ಣ ಹಚ್ಚಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಆ ಉಂಗುರವನ್ನು ಯಾರೂ ಮುಟ್ಟಕೂಡದು.”