ಅಪ್ಪನಿಗೂ ಕೈ ನಡುಕ, ತಂಗಿಗೂ ಕೈ ನಡುಕ: ಇಬ್ಬರದೂ ಒಂದೇ ಕಾಯಿಲೆನಾ?

ಸಿಂಧನೂರಿನವ:
ನಮಸ್ಕಾರ ರೀ. ಅಪ್ಪನಿಗೆ 64. ಟಿವಿ ಮುಂದೆ ಸುಮ್ನೆ ಕೂತಾಗ ಬಲಗೈ ನಡುಗುತ್ತದೆ, ಚಹಾ ಕಪ್ಪು ಎತ್ತಿದರೆ ಕಡಿಮೆ. ಅಂಗಿ ಗುಂಡಿ ಹಾಕೋಕೂ ಹೊತ್ತು ಹಿಡಿಯುತ್ತದೆ. ತಂಗಿಗೆ 28, ಅವಳದು ಉಲ್ಟಾ. ಕೈ ಸುಮ್ನೆ ಇದ್ದರೆ ಏನೂ ಇಲ್ಲ, ಲೋಟಕ್ಕೆ ಕೈ ಚಾಚಿದರೆ ಹತ್ತಿರ ಹೋದಷ್ಟೂ ನಡುಕ ಜಾಸ್ತಿ. ಹೋದ ವರ್ಷ ಅವಳ ಒಂದು ಕಣ್ಣು ಮಂಜಾಗಿತ್ತು, ಹೊರಳಿಸಿದರೆ ನೋವು, ಆಮೇಲೆ ತಾನಾಗೇ ಸರಿಹೋಯಿತು. ಮಂದಿ 'ವಂಶದ ನಡುಕ' ಅಂತಾರೆ. ಮನೆಯಲ್ಲಿ ಮದುವೆ ಮಾತು ಬೇರೆ ನಡೀತಿದೆ.

ಬಳ್ಳಾರಿ ಫಿಸಿಯೋ:
ಒಂದೇ ಇರಲಿಕ್ಕಿಲ್ಲ ಅಣ್ಣಾ. ನಡುಕ ಯಾವಾಗ ಬರುತ್ತದೆ ಅನ್ನೋದೇ ಇಲ್ಲಿ ಮುಖ್ಯ, ಅದನ್ನು ನೀವೇ ಬರೆದಿದ್ದೀರಿ. ಕೈ ಆರಾಮಾಗಿದ್ದಾಗ ಬಂದು, ಒಂದೇ ಕಡೆ ಶುರುವಾಗಿ, ಜೊತೆಗೆ ಕೆಲಸ ನಿಧಾನ ಆದರೆ ಪಾರ್ಕಿನ್ಸನ್ ಅನ್ನೋ ಮೆದುಳಿನ ಕಾಯಿಲೆಯ ಅನುಮಾನ. ನಡೆಯುವಾಗ ಆ ಕೈ ಬೀಸುತ್ತಾರಾ ನೋಡಿ. ಹಳೇ ಪಾಸ್‌ಬುಕ್ ಸಹಿ ಪಕ್ಕ ಈಗಿನ ಸಹಿ ಇಡಿ, ಚಿಕ್ಕದಾಗಿದೆಯಾ? ವಾಸನೆ ಗೊತ್ತಾಗದೇ ಇರೋದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಝಾಡಿಸೋದು, ಇವೆಲ್ಲ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದಿರಬಹುದು. ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಇದೆ, ನಿಧಾನ ಇಲ್ಲದ್ದು ಮಾತ್ರ ಇಲ್ಲ.

ವಂಶದಲ್ಲಿ ಬರುವ ನಡುಕ ಬೇರೆಯೇ. ಅದು ಸಾಮಾನ್ಯವಾಗಿ ಎರಡೂ ಕೈಗೆ, ಕಪ್ಪು ಹಿಡಿದಾಗ, ಬರೆಯುವಾಗ.

ತಂಗಿಯದು ಚಿಕ್ಕಮೆದುಳಿನ, ಅಂದರೆ ಚಲನೆಯ ಹದ ಕಾಯುವ ಮೆದುಳಿನ ಹಿಂಭಾಗದ, ತೊಂದರೆಯಿಂದ ಬರೋ ನಡುಕದ ತರಹ ಕಾಣುತ್ತದೆ. ಕಣ್ಣಿನದನ್ನೂ ಸೇರಿಸಿದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆಯಾ ಅಂತ ನೋಡಲೇಬೇಕು. ಪ್ಯಾರಿಸ್‌ನ ನರರೋಗ ವೈದ್ಯ ಶಾರ್ಕೋ 1868ರ ಹೊತ್ತಿಗೇ ಈ ಎರಡು ನಡುಕಗಳ ವ್ಯತ್ಯಾಸದಿಂದ ಎರಡು ಕಾಯಿಲೆ ಬೇರ್ಪಡಿಸಿದ್ದರು.

ರಾಯಚೂರಕ್ಕ:
ನನಗೇ ಎಂಎಸ್ ಇದೆ ತಮ್ಮಾ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ನರದ ಮೇಲಿನ ಕವಚಕ್ಕೆ ಏಟು ಹಾಕುತ್ತದೆ, ಮೆದುಳು, ಬೆನ್ನುಹುರಿ, ಕಣ್ಣಿನ ನರ ಎಲ್ಲಿ ಬೇಕಾದರೂ. ಅದಕ್ಕೇ ಒಬ್ಬರ ಹಾಗೆ ಇನ್ನೊಬ್ಬರಿಗೆ ಇರಲ್ಲ. ತಂಗಿಗೆ ಕುತ್ತಿಗೆ ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದಾ ಕೇಳಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ, ಬಿಸಿನೀರು ಸ್ನಾನ ಆದಮೇಲೆ ಕಣ್ಣು ಮಂಜಾಗಿ ಕಾಲು ಸೋಲುತ್ತದಾ? ತಂಪಾದ ಮೇಲೆ ಅದು ಸರಿಹೋದರೆ ಹೊಸ ಹೊಡೆತ ಅಲ್ಲ. ಜ್ವರ ಇಲ್ಲದೆ 24 ಗಂಟೆಗಿಂತ ಜಾಸ್ತಿ ಉಳಿದರೆ ಕಾಯಬೇಡಿ. ಇನ್ನು ಸುಸ್ತು... ಅದನ್ನು ಸೋಮಾರಿತನ ಅಂತಾರೆ ಮನೆಯವರು, ಏನು ಹೇಳೋದು.

ಕೊಪ್ಪಳ ಮೆಡಿಕಲ್:
ಅಪ್ಪಾರು ಯಾವ ಮಾತ್ರೆ ತಗೋತಾರೆ? ತಲೆಸುತ್ತಿನ ಸಿನ್ನಾರಿಜಿನ್, ಮೈಗ್ರೇನಿನ ಫ್ಲುನಾರಿಜಿನ್, ವಾಂತಿಯ ಮೆಟೋಕ್ಲೋಪ್ರಮೈಡ್, ಇವನ್ನು ತಿಂಗಳುಗಟ್ಟಲೆ ನುಂಗಿದರೆ ಥೇಟ್ ಪಾರ್ಕಿನ್ಸನ್ ತರಹವೇ ಆಗಬಹುದು. ಸಂಡೂರು ಕಡೆ ಮ್ಯಾಂಗನೀಸ್ ಗಣಿಯಲ್ಲಿ ದುಡಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಆ ಧೂಳೂ ಹೀಗೆ ಮಾಡುತ್ತದೆ.

ಸಿಂಧನೂರಿನವ:
ಗಣಿ ಇಲ್ಲ, ಬರೀ ಭತ್ತದ ಗದ್ದೆ. ಆದರೆ ಸ್ಟ್ರಿಪ್ ನೋಡಿದೆ ರೀ, ಸಿನ್ನಾರಿಜಿನ್ ಅಂತಲೇ ಇದೆ! ಒಂದು ವರ್ಷದ ಮೇಲಾಯಿತು. ನಿಲ್ಲಿಸಲಾ?

ಬಳ್ಳಾರಿ ಫಿಸಿಯೋ:
ನೀವಾಗೇ ಬೇಡ, ಬರೆದುಕೊಟ್ಟ ಡಾಕ್ಟರನ್ನೇ ಈ ವಾರ ಕೇಳಿ. ನಿಲ್ಲಿಸಿದರೂ ನಡುಕ ಹೋಗೋಕೆ ತಿಂಗಳುಗಳು ಬೇಕು, ಕೆಲವರಿಗೆ ಒಳಗೆ ನಿಜವಾದ ಪಾರ್ಕಿನ್ಸನ್ನೇ ಇರುತ್ತದೆ. ಆದರೆ ನರರೋಗ ತಜ್ಞರ ಹತ್ತಿರ ಮೊದಲು ತಂಗಿಯನ್ನು ಕರೆದುಕೊಂಡು ಹೋಗಿ. ಮೆದುಳು, ಬೆನ್ನುಹುರಿ ಎರಡರದೂ ಎಂಆರ್‌ಐ ಕೇಳಬಹುದು, ಹೋದ ವರ್ಷದ ಕಣ್ಣಿನ ಚೀಟಿ ಇದ್ದರೆ ಒಯ್ಯಿರಿ. ವಯಸ್ಸು ಚಿಕ್ಕದು, ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯನ್ನೂ ಪರೀಕ್ಷೆ ಮಾಡಬಹುದು. ಎಂಎಸ್ ಆಗಿದ್ದರೆ ಹೊಡೆತ ಕಡಿಮೆ ಮಾಡುವ ಔಷಧಿ ಇದೆ, ಬೇಗ ಶುರುವಾದಷ್ಟೂ ಒಳ್ಳೇದು. ಮದುವೆ ಮಾತು ರಿಪೋರ್ಟ್ ಬಂದ ಮೇಲೆ ಆಡಿದರಾಯಿತು.